ಆಫ್ರಿಕಾದ ದಕ್ಷಿಣ ಭಾಗದಲ್ಲಿ ಮೋಟರ್‌ಹೋಮ್ ಸಫಾರಿ: ಗೈಡ್ ಗುಂಪಿನ ಜೊತೆ ಹೋಗುವುದಾ, ನಾವೇ ಓಡಿಸುವುದಾ?

ಮೈಸೂರ್ ಪೆನ್ಷನರ್

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ, ಅವಳ ತಮ್ಮ, ಅವನ ಹೆಂಡತಿ ಒಟ್ಟಿಗೆ ಹೊರಡುವ ಯೋಚನೆ ಇದೆ. ನಾಲ್ವರೂ ಅರವತ್ತು ದಾಟಿದವರು, ಆರೋಗ್ಯವಾಗಿದ್ದೇವೆ. ನಾನೂ ಭಾವಮೈದುನನೂ ಗಾಡಿ ಓಡಿಸುತ್ತೇವೆ. ಕೇಪ್ ಟೌನ್‌ನಲ್ಲಿ ಶುರು, ಆಮೇಲೆ ನಮೀಬಿಯಾ, ಬೋಟ್ಸ್ವಾನಾ, ವಿಕ್ಟೋರಿಯಾ ಜಲಪಾತ, ದಕ್ಷಿಣ ಆಫ್ರಿಕಾದ ಕ್ರೂಗರ್ ಪಾರ್ಕ್, ಕೊನೆಗೆ ಜೊಹಾನ್ಸ್‌ಬರ್ಗ್. ಒಂದು ಜೋಡಿಗೆ ಒಂದು ಮೋಟರ್‌ಹೋಮ್, ಅಂದರೆ ಒಳಗೇ ಹಾಸಿಗೆ, ಒಲೆ, ಶೌಚಾಲಯ ಇರುವ ಗಾಡಿ. ಮುಂದೆ ಗೈಡ್ ಗಾಡಿ, ಹಿಂದೆ ಮೆಕ್ಯಾನಿಕ್ ಗಾಡಿ. ಕರಪತ್ರ ನೋಡಿ ಮನಸ್ಸು ಹಾರಿತು, ಬೆಲೆ ನೋಡಿ ಕೂತುಕೊಂಡಿತು.

ನನ್ನ ಅಕ್ಕನ ಮಗ ಹೇಳುತ್ತಾನೆ, "ಮಾವ, ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸೋದು, ರಸ್ತೆ ಚೆನ್ನಾಗಿದೆ, ಗೈಡ್‌ಗೆ ಯಾಕೆ ಸುಮ್ನೆ ದುಡ್ಡು ಕೊಡ್ತೀರಾ" ಅಂತ. ಹೋಗಿ ಬಂದವರು ದಯವಿಟ್ಟು ಹೇಳಿ. ಗೈಡ್ ನಿಜವಾಗಿ ಏನು ಮಾಡುತ್ತಾನೆ? ಮೋಟರ್‌ಹೋಮ್ ಅಲ್ಲಿಗೆ ಸರಿಯಾದ ಗಾಡಿಯಾ? ನಾವು ಸಸ್ಯಾಹಾರಿಗಳು, ಊಟದ ಗತಿ ಏನು?

ನಾಲ್ಕುಚಕ್ರ

ಸರ್, ನಿಮ್ಮ ಅಕ್ಕನ ಮಗ ಹೇಳಿದ್ದೇ ಸರಿ. ಮೋಟರ್‌ಹೋಮ್ ಮರೆತುಬಿಡಿ. ಟೊಯೋಟಾ ಹೈಲಕ್ಸ್ ಪಿಕಪ್ ತಗೊಳ್ಳಿ, ಫೋರ್ ಬೈ ಫೋರ್, ಮೇಲೆ ಬಿಚ್ಚುವ ಟೆಂಟ್ ಇರುತ್ತದೆ. ನಮೀಬಿಯಾದಲ್ಲಿ ಎಲ್ಲಿ ನೋಡಿದರೂ ಅದೇ ಗಾಡಿ. ಜಲ್ಲಿ ರಸ್ತೆ, ಮರಳು, ಏನಿದ್ದರೂ ಹೋಗುತ್ತದೆ. ದೊಡ್ಡ ಬಿಳಿ ಡಬ್ಬ ತಗೊಂಡು ಹೋಗಿ ಟಾರ್ ರಸ್ತೆ ಮೇಲೆ ಸಾಲಾಗಿ ಸಾಗುವುದು ಪ್ರವಾಸವಾ?

ಶಿರಸಿ ಅಡುಗೆಮನೆ

ನಾಲ್ಕುಚಕ್ರ ಅವರೇ, ನಿಮಗೆ ವಯಸ್ಸೆಷ್ಟು? ರಾತ್ರಿ ಬಾತ್‌ರೂಮ್‌ಗೆ ಎದ್ದರೆ ಏಣಿ ಇಳಿಯಬೇಕು, ಕೆಳಗೆ ಕತ್ತೆಕಿರುಬ ಕೂಗುತ್ತಿರುತ್ತದೆ. ನನ್ನ ಮಂಡಿಗೆ ಆ ಟೆಂಟ್ ಆಗುವುದಿಲ್ಲ ಸ್ವಾಮಿ. ಒಳಗೇ ಶೌಚಾಲಯ ಇರುವ ಗಾಡಿಯ ಸುಖ ಅರವತ್ತರ ಮೇಲೆ ಗೊತ್ತಾಗುತ್ತದೆ.

ನಾವು ಇಂಥದ್ದೇ ಗುಂಪಿನಲ್ಲಿ ಹೋಗಿದ್ದೆವು. ಹೆಚ್ಚಿನವರು ಅಮೆರಿಕ, ಕೆನಡಾದ ನಿವೃತ್ತರು. ಪೆನ್ಷನರ್ ಸರ್, ಮೊದಲು ಒಂದು ತಪ್ಪು ಕಲ್ಪನೆ ಬಿಡಿ. ಎಲ್ಲಾ ಗಾಡಿಗಳೂ ಬಾಲ ಹಿಡಿದುಕೊಂಡು ಒಂದರ ಹಿಂದೆ ಒಂದು ಹೋಗುವುದಿಲ್ಲ. ಸಂಜೆ ಎಲ್ಲರನ್ನೂ ಕೂರಿಸಿ ಗೈಡ್ ಮಾರನೇ ದಿನದ ದಾರಿ ಹೇಳುತ್ತಾನೆ. ಎಲ್ಲಿ ಡೀಸೆಲ್ ತುಂಬಿಸಬೇಕು, ಮುಂದೆ ಎಷ್ಟು ದೂರ ಪಂಪ್ ಇಲ್ಲ, ಯಾವ ತಿರುವು ತಪ್ಪಿಸಿಕೊಳ್ಳುವ ಹಾಗಿದೆ, ಎಲ್ಲಾ ಕಾಗದದ ಮೇಲೆ. ಬೆಳಿಗ್ಗೆ ನಿಮ್ಮ ಪಾಡಿಗೆ ನೀವು ಹೊರಡಬಹುದು, ಎಲ್ಲಿ ಬೇಕೋ ನಿಲ್ಲಬಹುದು. ಕೊನೆಗೆ ಹೊರಡುವುದು ಮೆಕ್ಯಾನಿಕ್ ಗಾಡಿ. ನೀವು ಎಲ್ಲೇ ಕೆಟ್ಟು ನಿಂತರೂ ಅವನು ಹಿಂದಿನಿಂದ ಬಂದೇ ಬರುತ್ತಾನೆ. ಆ ಧೈರ್ಯಕ್ಕೇ ನಾನು ಅರ್ಧ ದುಡ್ಡು ಕೊಟ್ಟೆ ಅಂದುಕೊಂಡಿದ್ದೇನೆ.

ಊಟದ ಬಗ್ಗೆ ರಾತ್ರಿ ಬರೆಯುತ್ತೇನೆ, ಈಗ ಮೊಮ್ಮಗಳನ್ನು ಕರೆದುಕೊಂಡು ಬರಬೇಕು.

ಗಬರೋನ್ ಕನ್ನಡಿಗ

ಬೋಟ್ಸ್ವಾನಾದಲ್ಲೇ ಇರುವವನು, ಒಂದಿಷ್ಟು ಹೇಳಲೇ?

ಜನ ಗೈಡ್ ಅಂದರೆ ಸಿಂಹದಿಂದ ಕಾಪಾಡುವವನು ಅಂದುಕೊಳ್ಳುತ್ತಾರೆ. ಸಿಂಹದ ತೊಂದರೆ ಏನೂ ಇಲ್ಲ, ನೀವು ಗಾಡಿಯಿಂದ ಇಳಿಯದಿದ್ದರೆ ಆಯಿತು. ಗೈಡ್ ಬೇಕಾಗುವುದು ಗಡಿಯಲ್ಲಿ. ಬಾಡಿಗೆ ಗಾಡಿ ದೇಶ ದಾಟಬೇಕಾದರೆ ಬಾಡಿಗೆ ಕಂಪನಿಯ ಅನುಮತಿ ಪತ್ರ ಬೇಕು, ಗಾಡಿಯ ನೋಂದಣಿ ಪ್ರತಿ ಬೇಕು. ನಮೀಬಿಯಾಗೆ ಹೊರದೇಶದ ಗಾಡಿಯ ರಸ್ತೆ ಶುಲ್ಕ. ಬೋಟ್ಸ್ವಾನಾಗೆ ರಸ್ತೆ ಶುಲ್ಕ, ವಿಮೆ ಬೇರೆ. ಜಲಪಾತದ ಒಂದು ಬದಿ ಇರುವ ಜಿಂಬಾಬ್ವೆಗೆ ತಾತ್ಕಾಲಿಕ ಆಮದು ಪರವಾನಗಿ, ವಿಮೆ, ಕಾರ್ಬನ್ ತೆರಿಗೆ, ಪ್ರತಿಫಲಕ ಸ್ಟಿಕ್ಕರ್ ತನಕ ನೋಡುತ್ತಾರೆ. ಎಷ್ಟೋ ಬಾಡಿಗೆ ಕಂಪನಿಗಳು ಜಿಂಬಾಬ್ವೆ ಒಳಗೆ ಗಾಡಿ ಬಿಡುವುದೇ ಇಲ್ಲ. ಅದಕ್ಕೇ ಗುಂಪುಗಳು ಸಾಮಾನ್ಯವಾಗಿ ಬೋಟ್ಸ್ವಾನಾದ ಕಸಾನೆಯಲ್ಲಿ ಮೋಟರ್‌ಹೋಮ್ ನಿಲ್ಲಿಸಿ, ಬಸ್ಸಿನಲ್ಲಿ ಜಲಪಾತಕ್ಕೆ ಹೋಗಿ ಬರುತ್ತವೆ. ಸುಮಾರು 80 ಕಿಲೋಮೀಟರ್ ಅಷ್ಟೇ.

ಜಾಂಬಿಯಾ ಕಡೆಯಿಂದ ನೋಡುವ ಗುಂಪಾದರೆ ಕಜುಂಗುಲಾ ಸೇತುವೆ ದಾಟುತ್ತೀರಿ. 923 ಮೀಟರ್ ಉದ್ದ, 2021ರ ಮೇನಲ್ಲಿ ತೆರೆದದ್ದು. ಮೊದಲು ತೆಪ್ಪದಂಥ ಫೆರಿ ಒಂದೇ ಗತಿ, ಲಾರಿಗಳು ದಿನಗಟ್ಟಲೆ ಸಾಲು ನಿಲ್ಲುತ್ತಿದ್ದವು. ಸೇತುವೆ ನೇರವಾಗಿಲ್ಲ, ಬಾಗಿದೆ. ಪಕ್ಕದ ದೇಶದ ಗಡಿಗೆ ತಾಗದ ಹಾಗೆ ಕಟ್ಟಿದ್ದಾರೆ. ನಾಲ್ಕು ದೇಶ ಬಹುತೇಕ ಒಂದೇ ಜಾಗದಲ್ಲಿ ಸೇರುವ ಜಾಂಬೆಜಿ ನದಿ ಅದು.

ಇನ್ನೊಂದು ಮಾತು. ನಮ್ಮ ಪಾಸ್‌ಪೋರ್ಟ್ ಇರುವವರು ದಕ್ಷಿಣ ಆಫ್ರಿಕಾ ವೀಸಾ ಕೇಳುವಾಗ ಮಲ್ಟಿಪಲ್ ಎಂಟ್ರಿ ಅಂತ ಕೇಳಿ. ಕೇಪ್ ಟೌನ್‌ನಿಂದ ನಮೀಬಿಯಾಗೆ ಹೋದ ಕೂಡಲೇ ನೀವು ಆ ದೇಶದಿಂದ ಹೊರಬಿದ್ದಿರಿ. ಕ್ರೂಗರ್‌ಗೆ ಬರಲು ಮತ್ತೆ ಒಳಗೆ ಬರಬೇಕು. ಅಮೆರಿಕದವರಿಗೆ ಈ ತಲೆನೋವೇ ಇಲ್ಲ, ಹಾಗಾಗಿ ಟೂರ್ ಕಂಪನಿಯ ಕರಪತ್ರದಲ್ಲಿ ಇದು ಬರೆದಿರುವುದೂ ಇಲ್ಲ.

ಜರ್ಮನಿ ಜೋಳದರೊಟ್ಟಿ

ಕಲಬುರಗಿಯವನು, ಈಗ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಜರ್ಮನ್ನರಿಗೆ ನಮೀಬಿಯಾ ಅಂದರೆ ಪ್ರಾಣ. 1884ರಿಂದ 1915ರ ತನಕ ಅವರದೇ ವಸಾಹತು. ಆ ಕಾಲದಲ್ಲಿ ಹೆರೆರೊ, ನಾಮಾ ಜನರನ್ನು ಅವರು ಕೊಂದ ಕಥೆ ಮಾತ್ರ ಟೂರಿನಲ್ಲಿ ಯಾರೂ ಜಾಸ್ತಿ ಹೇಳುವುದಿಲ್ಲ. ಅಲ್ಲಿನ ಸ್ವಾಕೋಪ್‌ಮುಂಡ್ ಊರಿನಲ್ಲಿ ಜರ್ಮನ್ ಶೈಲಿಯ ಬೇಕರಿ, ಕಟ್ಟಡ, ಬೀದಿ ಎಲ್ಲಾ ನೋಡಿ ನಮ್ಮ ಗುಂಪಿನ ಅಜ್ಜಿಯರು ಖುಷಿಪಟ್ಟಿದ್ದೇ ಖುಷಿ.

ನನ್ನ ತಕರಾರು ಬೇರೆ. ನಾನು ಹೋದ ಟೂರ್‌ಗೆ ಹೆಸರು ಸಫಾರಿ. ನಿಜದಲ್ಲಿ ಡ್ರೈವಿಂಗ್. ಇವತ್ತು 400 ಕಿಲೋಮೀಟರ್, ನಾಳೆ ಮತ್ತೆ ಅಷ್ಟೇ. ಸಂಜೆ ಗಾಡಿ ನಿಲ್ಲಿಸಿ ಕರೆಂಟ್ ತಂತಿ ಜೋಡಿಸುವಷ್ಟರಲ್ಲಿ ಕತ್ತಲೆ. ನಮೀಬಿಯಾದ ಎತೋಷಾ ಪಾರ್ಕಿನಂಥ ಜಾಗದಲ್ಲೂ ಪಾರ್ಕಿನ ಹೊರಗೆ ಕ್ಯಾಂಪ್, ಬೆಳಿಗ್ಗೆ ಗೇಟಿನ ಮುಂದೆ ಸಾಲು. ದೇಶಗಳ ಹೆಸರು ಮಾತ್ರ ಉದ್ದಕ್ಕೆ ಇತ್ತು. ಕಂಪನಿ ಯಾವುದು ಅಂದರೆ

ನಿರ್ವಾಹಕ

ಕಂಪನಿ ಹೆಸರು ತೆಗೆದಿದ್ದೇನೆ. ಅನುಭವ ಬರೆಯಿರಿ, ಹೆಸರು ಬೇಡ. ಮುಂದುವರಿಸಿ.

ಕಬಿನಿ ಕಣ್ಣು

ಜೋಳದರೊಟ್ಟಿ ಹೇಳಿದ್ದರಲ್ಲೇ ಉತ್ತರ ಇದೆ. ಪೆನ್ಷನರ್ ಸರ್, ಕರಪತ್ರದಲ್ಲಿ ಎಷ್ಟು ದೇಶ ಅಂತ ನೋಡಬೇಡಿ. ಎಷ್ಟು ರಾತ್ರಿ ಪಾರ್ಕಿನ ಒಳಗೆ ಮಲಗುತ್ತೀರಿ ಅಂತ ಕೇಳಿ. ಇದೊಂದೇ ಪ್ರಶ್ನೆ ಸಾಕು, ಒಳ್ಳೆಯ ಟೂರ್ ಯಾವುದು, ಬರೀ ಓಡಾಟ ಯಾವುದು ಗೊತ್ತಾಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಎತೋಷಾದಲ್ಲಿ ಒಕೌಕುಯೊ ಅಂತ ಕ್ಯಾಂಪ್ ಇದೆ. ಬೇಲಿಯ ಆಚೆ ನೀರಿನ ಹೊಂಡ, ಅದಕ್ಕೆ ರಾತ್ರಿಯಿಡೀ ಮಂದ ದೀಪ. ಒಳಗೆ ತಂಗಿದವರು ಎಷ್ಟು ಹೊತ್ತಿಗಾದರೂ ನಡೆದು ಹೋಗಿ ಕಲ್ಲುಗೋಡೆಯ ಪಕ್ಕ ಕೂರಬಹುದು. ಕಪ್ಪು ಘೇಂಡಾಮೃಗ ಬರುತ್ತದೆ. ಆನೆಗಳು ಬಂದು ಅದನ್ನು ಓಡಿಸುತ್ತವೆ. ಮಧ್ಯರಾತ್ರಿ ಸಿಂಹ. ಹೊರಗೆ ತಂಗಿದವರು ಸೂರ್ಯ ಮುಳುಗುವ ಮೊದಲು ಗೇಟ್ ದಾಟಬೇಕು, ಇದೆಲ್ಲಾ ಅವರಿಗೆ ಇಲ್ಲ. ನಮೀಬಿಯಾದ ಸೊಸ್ಸುಸ್‌ವ್ಲೇ ಮರಳು ದಿಬ್ಬಗಳದ್ದೂ ಅದೇ ಕಥೆ. ಸೆಸ್ರಿಯೆಮ್ ಗೇಟಿನ ಒಳಗೆ ಮಲಗಿದವರನ್ನು ಸೂರ್ಯ ಹುಟ್ಟುವ ಮೊದಲೇ ಬಿಡುತ್ತಾರೆ. ಗೇಟಿನಿಂದ ದಿಬ್ಬಗಳ ತುದಿಗೆ 60 ಕಿಲೋಮೀಟರ್ ಇದೆ. ಹೊರಗಿನವರು ತಲುಪುವಾಗ ಬಿಸಿಲು ಏರಿರುತ್ತದೆ, ನೆರಳಿನ ಗೆರೆ ಹೋಗಿರುತ್ತದೆ, ಫೋಟೊ ಸಪ್ಪೆ.

ಕ್ರೂಗರ್ ಇನ್ನೂ ದೊಡ್ಡದು, ಹತ್ತಿರ ಹತ್ತಿರ 20,000 ಚದರ ಕಿಲೋಮೀಟರ್. ಸ್ಕುಕುಜಾ, ಲೋವರ್ ಸಾಬಿ, ಸತಾರಾ ಅಂತ ಒಳಗೇ ಬೇಲಿ ಹಾಕಿದ ಕ್ಯಾಂಪ್‌ಗಳು. ಟಾರ್ ರಸ್ತೆಯಲ್ಲಿ ಗಂಟೆಗೆ 50 ಮಿತಿ, ಜಲ್ಲಿಯಲ್ಲಿ 40. ಹಾಗಾಗಿ ದೂರ ಅನ್ನುವುದು ನಕ್ಷೆಯಲ್ಲಿ ಕಂಡದ್ದಕ್ಕಿಂತ ಜಾಸ್ತಿ. ನಾಗರಹೊಳೆ, ಬಂಡೀಪುರದಲ್ಲಿ ನಮ್ಮ ಕಾರಿನಲ್ಲಿ ಸಫಾರಿ ಮಾಡಲು ಬಿಡುವುದಿಲ್ಲ ಅಲ್ವಾ? ಅಲ್ಲಿ ಬಿಡುತ್ತಾರೆ. ನಮ್ಮವರಿಗೆ ಅದೇ ಮೊದಲ ಅಚ್ಚರಿ.

ಮೋಟರ್‌ಹೋಮಿನ ಲಾಭ ಅದರ ಎತ್ತರ. ಹುಲ್ಲಿನ ಮೇಲಿಂದ ಕಾಣುತ್ತದೆ. ನಷ್ಟವೂ ಇದೆ. ಪ್ರತಿ ಸಲ ಪ್ರಾಣಿ ನೋಡಲು ಹೊರಡಬೇಕಾದರೆ ಮನೆಯನ್ನೇ ಕಿತ್ತುಕೊಂಡು ಹೊರಡಬೇಕು. ಕರೆಂಟ್ ತೆಗಿ, ಮೆಟ್ಟಿಲು ಮಡಚು, ಪಾತ್ರೆ ಒಳಗಿಡು. ಕ್ರೂಗರ್‌ನ ಕೆಲವು ಸಣ್ಣ ದಾರಿಗಳಲ್ಲಿ ದೊಡ್ಡ ಗಾಡಿಗೆ ಪ್ರವೇಶವೇ ಇಲ್ಲ. ಅದಕ್ಕೆ ತೆರೆದ ಜೀಪಿನ ಸವಾರಿ ಎಷ್ಟು ಸಲ ಸೇರಿದೆ ಅಂತ ಕೂಡ ಕೇಳಿ. ಅದು ಸೇರಿಲ್ಲದ ಗುಂಪು ಟೂರ್ ನನ್ನ ಲೆಕ್ಕದಲ್ಲಿ ದಂಡ.

ನಾಲ್ಕುಚಕ್ರ

ಮನೆ ಕಿತ್ತುಕೊಂಡು ಹೊರಡಬೇಕು! ನಾನು ಹೇಳಿದ್ದೂ ಅದೇ. ಮತ್ತೆ ಬೋಟ್ಸ್ವಾನಾದ ಒಕವಾಂಗೊ ನದಿ ಹರಡಿ ನಿಲ್ಲುವ ಜಾಗದ ಬಗ್ಗೆ ಯಾರೂ ಮಾತಾಡಲಿಲ್ಲ. ಅಲ್ಲಿನ ಮೊರೆಮಿ ಅಭಯಾರಣ್ಯದಲ್ಲಿ ಆಳ ಮರಳು, ಮೋಟರ್‌ಹೋಮ್ ಹೋಗುವುದೇ ಇಲ್ಲ.

ಗಬರೋನ್ ಕನ್ನಡಿಗ

ಅದು ನಿಜ. ಮೊರೆಮಿಗೆ ಮೋಟರ್‌ಹೋಮ್ ಬೇಡವೇ ಬೇಡ. ಚೋಬೆ ಪಾರ್ಕಿನ ಒಳಗಿನ ಇಹಾಹಾ ಕ್ಯಾಂಪಿಗೂ ಮರಳಿನ ದಾರಿ. ಹಾಗಾಗಿ ಕಬಿನಿ ಅವರ ನಿಯಮಕ್ಕೆ ಬೋಟ್ಸ್ವಾನಾ ಒಂದು ವಿನಾಯಿತಿ. ಇಲ್ಲಿ ಊರಲ್ಲಿ ಮಲಗಿ, ಒಳಗೆ ಬೇರೆಯವರ ಗಾಡಿಯಲ್ಲಿ ಹೋಗಬೇಕು. ಆದರೆ ಕಸಾನೆಯಲ್ಲಿ ಅದರಿಂದ ನಷ್ಟ ಇಲ್ಲ. ಸಂಜೆ ದೋಣಿಯಲ್ಲಿ ಚೋಬೆ ನದಿ ಮೇಲೆ ಹೋದರೆ ಆನೆ ಹಿಂಡು ಈಜಿಕೊಂಡು ದಾಟುವುದು ಕಣ್ಣಳತೆಯಲ್ಲಿ. ಬೋಟ್ಸ್ವಾನಾದಲ್ಲಿ ಸುಮಾರು 1,30,000 ಆನೆ ಇವೆ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ ಸಿಕ್ಕ ಲೆಕ್ಕ 6,395, ಅದೇ ಭಾರತಕ್ಕೆ ಮೊದಲ ಸ್ಥಾನ. ನೀವೇ ಅಂದಾಜು ಮಾಡಿ.

ಒಕವಾಂಗೊಗೆ ಮೌನ್ ಊರಿನಲ್ಲಿ ಗಾಡಿ ಬಿಡಿ. ಅಲ್ಲಿಂದ ಮೊಕೊರೊ ಅನ್ನುವ ಸಣ್ಣ ದೋಣಿ, ಇಲ್ಲವೇ ಪುಟ್ಟ ವಿಮಾನ. ಒಂದು ವಿಚಿತ್ರ ಕೇಳಿ. ಅಂಗೋಲಾದ ಬೆಟ್ಟಗಳಲ್ಲಿ ಬಿದ್ದ ಮಳೆ ನಿಧಾನವಾಗಿ ಹರಿದು ಇಲ್ಲಿಗೆ ಬರಲು ತಿಂಗಳುಗಳೇ ಬೇಕು. ಹಾಗಾಗಿ ಇಲ್ಲಿ ಒಂದು ಹನಿ ಮಳೆ ಇಲ್ಲದ ಜೂನ್‌ನಿಂದ ಆಗಸ್ಟ್‌ನಲ್ಲಿ ನೀರು ತುಂಬಿರುತ್ತದೆ. ಸುತ್ತ ಒಣಗಿದ ನೆಲ, ನಡುವೆ ನೀರು. ಪ್ರಾಣಿಗಳೆಲ್ಲಾ ಬಂದು ಸೇರುತ್ತವೆ.

ಮೈಸೂರ್ ಪೆನ್ಷನರ್

ಎಷ್ಟು ವಿಷಯ! ಪ್ರಿಂಟ್ ತೆಗೆದು ಗೆರೆ ಹಾಕುತ್ತಾ ಓದುತ್ತಿದ್ದೇನೆ. ಹಾಗಾದರೆ ಯಾವ ತಿಂಗಳು? ಟೂರ್‌ನವರು ಏಪ್ರಿಲ್ ಮತ್ತು ಆಗಸ್ಟ್ ಎರಡು ಕೊಟ್ಟಿದ್ದಾರೆ.

ಕಬಿನಿ ಕಣ್ಣು

ಇಲ್ಲೇ ಜಗಳ ಇರುವುದು. ವಿಕ್ಟೋರಿಯಾ ಜಲಪಾತ ತುಂಬಿ ಬೀಳುವುದು ಏಪ್ರಿಲ್, ಮೇನಲ್ಲಿ. 1,708 ಮೀಟರ್ ಅಗಲ, 108 ಮೀಟರ್ ಎತ್ತರ. ಆಗ ಹನಿಯ ಹೊಗೆ ಎಷ್ಟು ಎದ್ದಿರುತ್ತದೆ ಅಂದರೆ ಕೆಲವು ಕಡೆ ಜಲಪಾತವೇ ಕಾಣುವುದಿಲ್ಲ, ರೇನ್‌ಕೋಟ್ ಹಾಕಿದರೂ ಒದ್ದೆ. ಅಕ್ಟೋಬರ್, ನವೆಂಬರ್‌ಗೆ ಜಾಂಬಿಯಾ ಕಡೆ ಬರೀ ಬಂಡೆ. ಪ್ರಾಣಿಗಳಿಗೆ ಇದರ ಉಲ್ಟಾ. ಏಪ್ರಿಲ್‌ನಲ್ಲಿ ಎಲ್ಲೆಲ್ಲೂ ನೀರು, ಎತ್ತರದ ಹುಲ್ಲು, ಪ್ರಾಣಿ ಚದುರಿರುತ್ತವೆ. ಜುಲೈನಿಂದ ಅಕ್ಟೋಬರ್‌ಗೆ ನೀರು ಉಳಿದ ಹೊಂಡಗಳಿಗೇ ಎಲ್ಲಾ ಬರಬೇಕು. ನನ್ನನ್ನು ಕೇಳಿದರೆ ಆಗಸ್ಟ್. ಜಲಪಾತದಲ್ಲಿ ಆಗಲೂ ನೀರು ಸಾಕಷ್ಟು ಇರುತ್ತದೆ, ಕಣ್ಣಿಗೆ ಕಾಣುತ್ತದೆ ಕೂಡ. ಸೊಳ್ಳೆ ಕಡಿಮೆ.

ಗಬರೋನ್ ಕನ್ನಡಿಗ

ಸೊಳ್ಳೆ ಕಡಿಮೆ ಅಂತ ಮಲೇರಿಯಾ ಮಾತ್ರೆ ಬಿಡಬೇಡಿ. ಚೋಬೆ, ಜಾಂಬೆಜಿ ಕಡೆ, ಕ್ರೂಗರ್ ಎಲ್ಲಾ ಮಲೇರಿಯಾ ಜಾಗಗಳೇ. ಬೇರೆ ಮಾತ್ರೆ ತಗೊಳ್ಳುವವರು ನಿಮ್ಮ ಡಾಕ್ಟರನ್ನು ಮೊದಲೇ ಕೇಳಿ. ಆಗಸ್ಟ್ ರಾತ್ರಿ ಚಳಿ ಜೋರು, ಸ್ವೆಟರ್ ತನ್ನಿ. ಆಫ್ರಿಕಾ ಅಂದರೆ ಬಿಸಿಲು ಅಂತ ಹತ್ತಿ ಬಟ್ಟೆ ಮಾತ್ರ ತಂದು ನಡುಗುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಶಿರಸಿ ಅಡುಗೆಮನೆ

ಬಂದೆ. ಅಡುಗೆ ವಿಷಯ.

ಗಾಡಿಯಲ್ಲಿ ಗ್ಯಾಸ್ ಒಲೆ ಇರುತ್ತದೆ. ಸಣ್ಣ ಕುಕ್ಕರ್ ತಗೊಂಡು ಹೋಗಿ, ಅದೇ ಬಂಗಾರ. ಅಕ್ಕಿ, ಬೇಳೆ ಹೊತ್ತುಕೊಂಡು ಹೋಗಬೇಡಿ. ದಕ್ಷಿಣ ಆಫ್ರಿಕಾದ ದೊಡ್ಡ ಅಂಗಡಿಗಳಲ್ಲಿ ಬೇಳೆ, ಬಾಸ್ಮತಿ, ಅರಿಸಿನ, ಜೀರಿಗೆ ಎಲ್ಲಾ ಸಿಗುತ್ತದೆ. 1860ರಿಂದ ನಮ್ಮವರು ನಟಾಲ್‌ಗೆ ಕಬ್ಬಿನ ತೋಟದ ಕೂಲಿಗೆ ಹೋಗಿ ನೆಲೆ ನಿಂತ ದೇಶ ಅದು, ಮಸಾಲೆ ಅವರಿಗೆ ಹೊಸದಲ್ಲ. ಸಾರಿನ ಪುಡಿ, ಚಟ್ನಿಪುಡಿ ಮಾತ್ರ ಮನೆಯದ್ದು ಇರಲಿ. ಮಿಕ್ಸಿ ಆಸೆ ಬಿಡಿ. ಕ್ಯಾಂಪಿನ ಕರೆಂಟ್ ಜೋಡಿಸಿದಾಗ ಮಾತ್ರ ಒಳಗಿನ ಪ್ಲಗ್ ಕೆಲಸ ಮಾಡುತ್ತದೆ, ದಾರಿಯಲ್ಲಿ ಬ್ಯಾಟರಿಗೆ ಅದು ಆಗುವುದಿಲ್ಲ. ಅಂದ ಹಾಗೆ ಅಲ್ಲಿನ ಪ್ಲಗ್ಗಿಗೆ ಮೂರು ದಪ್ಪ ದುಂಡು ಕಡ್ಡಿ. ನಮ್ಮ ಮನೆಯಲ್ಲಿ ಗೀಸರ್‌ಗೆ ಇರುವ 15 ಆಂಪಿಯರ್ ಪ್ಲಗ್ಗೇ. ಮೊಬೈಲ್ ಚಾರ್ಜರ್‌ಗೆ ಅಡಾಪ್ಟರ್ ಬೇಕು.

ಮೊಸರು ಬೇಕೇ ಬೇಕು ಅನ್ನುವವರಿಗೆ ಅಲ್ಲಿ 'ಅಮಾಸಿ' ಅಂತ ಸಿಗುತ್ತದೆ, ಹುಳಿ ಬರಿಸಿದ ಗಟ್ಟಿ ಹಾಲು. ಮೊಸರನ್ನಕ್ಕೆ ಚೆನ್ನಾಗಿ ಹೊಂದುತ್ತದೆ. ಹೋಟೆಲ್‌ನಲ್ಲಿ ಪಾಪ್ ಕೇಳಿ, ಬಿಳಿ ಜೋಳದ, ಅಂದರೆ ಮೆಕ್ಕೆಜೋಳದ ಹಿಟ್ಟಿನದ್ದು. ನಮ್ಮ ಮುದ್ದೆಯ ತಮ್ಮ ಅಂದುಕೊಳ್ಳಿ. ಜೊತೆಗೆ ಚಕಲಕಾ, ಬೀನ್ಸ್ ಮತ್ತು ತರಕಾರಿಯ ಖಾರದ ಗೊಜ್ಜು. ಗುಂಪಿನವರು ಸಂಜೆ ಕೆಂಡದ ಮೇಲೆ ಮಾಂಸ ಸುಡುತ್ತಾರೆ. ಆ ಕೆಂಡದ ಬದಿಯಲ್ಲೇ ನಾನು ಗೆಣಸು, ಬದನೆಕಾಯಿ ಸುಟ್ಟೆ. ಬದನೆಕಾಯಿ ಗೊಜ್ಜಿಗೆ ಅಮೆರಿಕದವರು ತಟ್ಟೆ ಹಿಡಿದು ನಿಂತರು.

ಜರ್ಮನಿ ಜೋಳದರೊಟ್ಟಿ

ಸಸ್ಯಾಹಾರಿಗಳಿಗೆ ಇನ್ನೊಂದು ಲಾಭ. ನಮೀಬಿಯಾದ ಉತ್ತರಕ್ಕೆ ಅಡ್ಡವಾಗಿ ಉದ್ದಕ್ಕೂ ಒಂದು ಬೇಲಿ ಇದೆ. ದನಗಳ ಕಾಲುಬಾಯಿ ರೋಗ ದಕ್ಷಿಣಕ್ಕೆ ಬರದಿರಲಿ ಅಂತ. ಬೋಟ್ಸ್ವಾನಾದಲ್ಲೂ ಇಂಥ ಬೇಲಿಗಳಿವೆ. ತಪಾಸಣೆ ಗೇಟಿನಲ್ಲಿ ಫ್ರಿಜ್ ತೆಗೆಸಿ ಹಸಿ ಮಾಂಸ ಇದ್ದರೆ ಕಿತ್ತುಕೊಳ್ಳುತ್ತಾರೆ. ಚಪ್ಪಲಿ, ಶೂ ಎಲ್ಲಾ ಔಷಧಿ ನೀರಿಗೆ ಅದ್ದಬೇಕು, ಚಕ್ರಗಳೂ ಅದರ ಮೇಲೆ ಹಾಯಬೇಕು. ನಮ್ಮ ಗುಂಪಿನವರು ಹಿಂದಿನ ದಿನ ತಗೊಂಡ ದುಬಾರಿ ಸ್ಟೇಕ್ ಎಲ್ಲಾ ಹೋಯಿತು. ಗೈಡ್ ಮೊದಲೇ ಎಚ್ಚರಿಸಿದ್ದ, ಕೇಳಿದವರು ಯಾರು?

ಮೈಸೂರ್ ಪೆನ್ಷನರ್

ನನ್ನ ಹೆಂಡತಿ ಬದನೆಕಾಯಿ ಸಾಲು ಓದಿ ಒಪ್ಪಿಬಿಟ್ಟಳು! ರಸ್ತೆ ಬಗ್ಗೆ ಹೇಳಿ. ನಮೀಬಿಯಾ ಜಲ್ಲಿ ರಸ್ತೆ ಅಂತ ಎಲ್ಲರೂ ಹೆದರಿಸುತ್ತಾರೆ.

ನಾಲ್ಕುಚಕ್ರ

ಹೆದರಬೇಕಾದ್ದೇ. ಪ್ರಾಣಿಗಿಂತ ಜಾಸ್ತಿ ಅಪಾಯ ಅದೇ. ನೋಡಲು ಅಗಲ, ಸಪಾಟು, ಖಾಲಿ. ಎದುರಿಗೆ ಅರ್ಧ ಗಂಟೆ ಒಂದು ಗಾಡಿ ಇರುವುದಿಲ್ಲ. ಸ್ಪೀಡ್ ತಾನಾಗಿ ಏರುತ್ತದೆ. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ಜಾರಿ ಮಗುಚುತ್ತದೆ. ಟೈರ್ ಗಾಳಿ ಸ್ವಲ್ಪ ಇಳಿಸಬೇಕು, ಎಷ್ಟು ಅಂತ ಗಾಡಿ ಕೊಟ್ಟವರೇ ಹೇಳಲಿ. ಮೋಟರ್‌ಹೋಮ್ ಆದರೆ 60 ದಾಟಬೇಡಿ. ರಸ್ತೆಯಲ್ಲಿ ಅಲೆ ಅಲೆ ಗೆರೆ ಬಿದ್ದಿರುತ್ತದೆ, ಅದರ ಮೇಲೆ ಬೀರು ಬಾಗಿಲೆಲ್ಲಾ ತಾನೇ ತೆರೆದುಕೊಳ್ಳುತ್ತದೆ, ಧೂಳು ಹಾಸಿಗೆ ತನಕ. ಮತ್ತೆ ಕರಾರು ಪತ್ರ ಓದಿ ಸರ್. ಮೋಟರ್‌ಹೋಮಿಗೆ ಜಲ್ಲಿ ರಸ್ತೆಯೇ ಬೇಡ ಅನ್ನುವ ಕಂಪನಿಗಳು ಬಹಳ. ಟೈರ್, ಮುಂದಿನ ಗಾಜು, ಗಾಡಿಯ ತಳ ಇದಕ್ಕೆಲ್ಲಾ ವಿಮೆ ಬರುವುದಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇದೊಂದು ವಿಷಯದಲ್ಲಿ ನಿಮ್ಮ ಗೈಡ್ ಗುಂಪು ವಾಸಿ. ಯಾವ ದಾರಿ ಆ ಗಾಡಿಗೆ ಆಗುತ್ತದೆ ಅಂತ ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ನೋಡಿ, ನಾನೂ ಒಪ್ಪಿದೆ.

ಸೊಸ್ಸುಸ್‌ವ್ಲೇಗೆ ಆ 60 ಕಿಲೋಮೀಟರ್ ಟಾರ್ ಇದೆ, ಕೊನೆಯ 5 ಮಾತ್ರ ಮರಳು. ಅಲ್ಲಿ ಗಾಡಿ ನಿಲ್ಲಿಸಿ ಅವರ ಜೀಪ್ ಹತ್ತಿ. ನಾನೇ ದಾಟುತ್ತೇನೆ ಅಂತ ಹೊರಟವರ ಗಾಡಿಗಳು ಹೂತು ನಿಂತಿರುವುದು ದಿನಾ ಕಾಣುತ್ತದೆ.

ಗಬರೋನ್ ಕನ್ನಡಿಗ

ಕತ್ತಲೆಯಾದ ಮೇಲೆ ಓಡಿಸಬೇಡಿ. ಟಾರ್ ರಸ್ತೆಯಲ್ಲೂ. ಕತ್ತೆ, ದನ ರಸ್ತೆ ಮೇಲೇ ಮಲಗಿರುತ್ತವೆ. ಕುಡು ಅನ್ನುವ ದೊಡ್ಡ ಜಿಂಕೆ ಹೆಡ್‌ಲೈಟಿಗೆ ಹಾರುತ್ತದೆ. ನಾಟಾದಿಂದ ಕಜುಂಗುಲಾ ತನಕ ಸುಮಾರು 300 ಕಿಲೋಮೀಟರ್ ಹೆದ್ದಾರಿಯಲ್ಲಿ ಆನೆಗಳು ಹಗಲೇ ದಾಟುತ್ತವೆ. ಹಾರ್ನ್ ಬೇಡ, ನಿಲ್ಲಿಸಿ ಕಾಯಿರಿ.

ದಕ್ಷಿಣ ಆಫ್ರಿಕಾದಲ್ಲಿ ನಾಲ್ಕು ಕಡೆಯೂ ಸ್ಟಾಪ್ ಫಲಕ ಇರುವ ಕೂಡುರಸ್ತೆ ಬಹಳ. ಯಾರು ಮೊದಲು ಬಂದು ನಿಂತರೋ ಅವರೇ ಮೊದಲು ಹೊರಡಬೇಕು. ನಮ್ಮ ಊರಿನ ಹಾಗೆ ಮೂತಿ ತೂರಿಸಬೇಡಿ, ಎಲ್ಲರೂ ದುರುಗುಟ್ಟಿ ನೋಡುತ್ತಾರೆ. ಹಿಂದಿನವರಿಗೆ ದಾರಿ ಕೊಡಲು ಹಳದಿ ಗೆರೆಯ ಆಚೆ ಸರಿದರೆ, ಅವರು ಮುಂದೆ ಹೋಗಿ ಹಜಾರ್ಡ್ ಲೈಟ್ ಮಿನುಗಿಸುತ್ತಾರೆ. ಅದು ಥ್ಯಾಂಕ್ಸ್. ಗಾಬರಿ ಬೀಳಬೇಡಿ.

ಮತ್ತೆ ಊರ ಹೊರಗೆ ಸಿಕ್ಕಲ್ಲಿ ಗಾಡಿ ನಿಲ್ಲಿಸಿ ಮಲಗುವುದು ಇಲ್ಲಿ ಇಲ್ಲ. ಬೇಲಿ ಇರುವ ಕ್ಯಾಂಪ್ ಮಾತ್ರ. ಕ್ಯಾಂಪಿನಲ್ಲೂ ಕಿಟಕಿ ತೆರೆದಿಟ್ಟು ಹೋಗಬೇಡಿ, ಕೋತಿಗಳು ಬ್ರೆಡ್ ಪ್ಯಾಕೆಟ್ ಗುರುತು ಹಿಡಿಯುತ್ತವೆ. ಎತೋಷಾದ ಹಲಾಲಿ ಕ್ಯಾಂಪಿನಲ್ಲಿ ರಾತ್ರಿ ಕಸದ ಡಬ್ಬ ಉರುಳಿಸುವುದು ತರಕರಡಿ, ಹನಿ ಬ್ಯಾಜರ್ ಅನ್ನುತ್ತಾರಲ್ಲ ಅದು. ಮುದ್ದಾಗಿದೆ ಅಂತ ಹತ್ತಿರ ಹೋಗಬೇಡಿ.

ಮೈಸೂರ್ ಪೆನ್ಷನರ್

ಕಬಿನಿ ಅವರ ಪ್ರಶ್ನೆಯನ್ನೇ ಎರಡು ಕಂಪನಿಗಳಿಗೆ ಕಳಿಸಿದೆ. ಒಬ್ಬರು ನಾಲ್ಕು ಪುಟ ಉತ್ತರ ಬರೆದರು, ಎಷ್ಟು ರಾತ್ರಿ ಅನ್ನುವುದು ಮಾತ್ರ ಎಲ್ಲೂ ಇಲ್ಲ. ಇನ್ನೊಬ್ಬರು ಪಟ್ಟಿಯನ್ನೇ ಕೊಟ್ಟರು. ಎತೋಷಾ, ಸೆಸ್ರಿಯೆಮ್, ಕ್ರೂಗರ್ ಮೂರರಲ್ಲೂ ಒಳಗೇ ತಂಗುತ್ತೇವೆ, ಜೀಪ್ ಸವಾರಿ, ಚೋಬೆ ದೋಣಿ ಸೇರಿದೆ. ಡೀಸೆಲ್, ವೀಸಾ, ವಿಮಾನ ನಮ್ಮದು. ಗುಂಪಲ್ಲೇ ಹೋಗುತ್ತೇವೆ, ಆಗಸ್ಟ್‌ನಲ್ಲಿ. ಅಕ್ಕನ ಮಗನಿಗೆ ಹೇಳಿದ್ದೇನೆ, ನಿನ್ನ ಕಾಲಕ್ಕೆ ನೀನು ಪಿಕಪ್ ತಗೊಂಡು ಹೋಗು ಅಂತ. ಇನ್ನು ಲೈಸೆನ್ಸ್ ಒಂದೇ ಉಳಿದದ್ದು. ಕಾರಿನ ಲೈಸೆನ್ಸ್ ಸಾಕಾ?

ಗಬರೋನ್ ಕನ್ನಡಿಗ

ಗಾಡಿ 3,500 ಕಿಲೋ ಒಳಗಿದ್ದರೆ ಕಾರಿನ ಲೈಸೆನ್ಸ್ ಸಾಕು. ಬಾಡಿಗೆ ಕಂಪನಿಯಿಂದ ತೂಕ ಬರಹದಲ್ಲಿ ಕೇಳಿ. ಜೊತೆಗೆ ಮೈಸೂರು ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಒಂದು ವರ್ಷ ಮಾತ್ರ ನಡೆಯುತ್ತದೆ, ತೀರಾ ಮೊದಲೇ ಮಾಡಿಸಬೇಡಿ. ಇಬ್ಬರ ಹೆಸರಲ್ಲೂ ಮಾಡಿಸಿ. ಓಡಿಸುವವರೆಲ್ಲರ ಹೆಸರೂ ಕರಾರಿನಲ್ಲಿ ಇರಬೇಕು, ಇಲ್ಲದಿದ್ದರೆ ವಿಮೆ ಇಲ್ಲ.

ಶಿರಸಿ ಅಡುಗೆಮನೆ

ನಿಮ್ಮ ಹೆಂಡತಿಯ ಹೆಸರಲ್ಲೂ ಒಂದು ಮಾಡಿಸಿ ಸರ್, ಅವರಿಗೆ ಓಡಿಸಲು ಬಂದರೆ. ಕಲಹಾರಿ ಮರುಭೂಮಿ ಕಡೆಯ ನೇರ ರಸ್ತೆಯಲ್ಲಿ ಗಂಡಸರಿಗೆ ಮಧ್ಯಾಹ್ನ ನಿದ್ದೆ ತಡೆಯುವುದಿಲ್ಲ.